ಚಿತ್ತಾಪುರದ ಒತ್ತು ಎಲ್ಲಿ ಹೋಯಿತು?

ಕಲಬುರಗಿ ಜಿಲ್ಲೆಯ ಐದು ಊರುಗಳ ಹೆಸರನ್ನು ಜಾಲತಾಣವೊಂದರ ಬಟನ್‌ಗಳ ಮೇಲೆ ಬರೆಯೋಣ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಬಟನ್ನನ್ನು ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಮಾಡಿದ್ದರೆ ನಾಲ್ಕು ಊರುಗಳು ಹೇಗೋ ಪಾರಾಗುತ್ತವೆ. ಚಿತ್ತಾಪುರ ಸಿಕ್ಕಿಬೀಳುತ್ತದೆ. ಸಾಲಿನಿಂದ ಕೆಳಗಿಳಿದ ತಕಾರದ ಒತ್ತು ಬಟನ್ನಿನ ಅಂಚಿಗೆ ಸಿಕ್ಕಿ ಕತ್ತರಿಸಿಹೋದರೆ ಉಳಿಯುವುದು ‘ಚಿತಾಪುರ’. ಚಿತ್ತವಿದ್ದಲ್ಲಿ ಚಿತೆ. ಇದು ನಕ್ಕು ಬಿಡುವ ವಿಷಯ ಎನ್ನುವವರು ತಮ್ಮ ಊರಿನ ಹೆಸರಿಗೆ ಹೀಗಾದಾಗಲೂ ನಗಲಿ.

ಇಂಥ ದೂರಿಗೆ ಸಿದ್ಧ ಉತ್ತರವೊಂದಿದೆ: ನಿಮ್ಮ ಬ್ರೌಸರ್ ಹಳೆಯದು, ಅಪ್‌ಡೇಟ್ ಮಾಡಿಕೊಳ್ಳಿ. ನನ್ನ ತಕರಾರು ಈ ಉತ್ತರದ ಮೇಲೆಯೇ. ಸೇಡಂನ ಝೆರಾಕ್ಸ್ ಅಂಗಡಿಯಲ್ಲೋ ಚಿಂಚೋಳಿಯ ಕಾಲೇಜಿನ ಲ್ಯಾಬಿನಲ್ಲೋ ವಿಂಡೋಸ್ 7ರ ಕಂಪ್ಯೂಟರ್ ಇದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಕ್ರೋಮ್ 109ಕ್ಕೆ ನಿಂತುಬಿಡುತ್ತದೆ. 2023ರ ಜನವರಿಯ ಆ ಆವೃತ್ತಿಯೇ ಕೊನೆಯದು. ಸಿಎಸ್‌ಎಸ್ ನಿಯಮಗಳನ್ನು ಒಂದರೊಳಗೊಂದು ಹೆಣೆದು ಬರೆಯುವ ಸೌಲಭ್ಯ ಕ್ರೋಮ್‌ಗೆ ಬಂದದ್ದು 112ರಲ್ಲಿ. ಆ ಸೌಲಭ್ಯವನ್ನೇ ನಂಬಿ ಕಟ್ಟಿದ ಪುಟವನ್ನು 109 ತೆರೆದಾಗ, ತನಗೆ ತಿಳಿಯದ ನಿಯಮಗಳನ್ನು ಸದ್ದಿಲ್ಲದೆ ದಾಟಿ ಮುಂದೆ ಹೋಗುತ್ತದೆ. ಪಕ್ಕದಲ್ಲಿರಬೇಕಾದ ಪಟ್ಟಿ ಲೇಖನದ ನೆತ್ತಿಯ ಮೇಲೆ ಕೂರುತ್ತದೆ. ಅಲ್ಲಿ ಅಪ್‌ಡೇಟ್ ಎಂದರೆ ಹೊಸ ಕಂಪ್ಯೂಟರ್ ಎಂದೇ ಅರ್ಥ. ಆ ಖರ್ಚನ್ನು ಓದುಗನ ತಲೆಗೆ ಕಟ್ಟುವ ಅಧಿಕಾರ ಪುಟ ಕಟ್ಟಿದವನಿಗೆ ಕೊಟ್ಟವರಾರು?

ಎಲ್ಲ ಬ್ರೌಸರುಗಳಲ್ಲೂ ಪುಟ ಒಂದೇ ಥರ ಕಾಣುವಂತೆ ಮಾಡಲಾಗದು ಎನ್ನುತ್ತಾರೆ. ನಿಜ, ಯಾರೂ ಅದನ್ನು ಕೇಳುತ್ತಲೂ ಇಲ್ಲ. ಶಹಾಬಾದಿನ ಫರಸಿ ಹಾಸಿದ ಅಂಗಳದಲ್ಲಿ ಒಂದು ಕಲ್ಲಿನ ಬಣ್ಣ ಇನ್ನೊಂದಕ್ಕಿರುವುದಿಲ್ಲ. ನಡೆಯುವವನ ಕಾಲು ಎಡವದಿದ್ದರೆ ಸಾಕು. ಹಳೆಯ ಬ್ರೌಸರಿನಲ್ಲಿ ನೆರಳು, ದುಂಡಂಚು, ಜಾರುವ ಚಿತ್ರ ಇಲ್ಲದಿರಲಿ. ಬರಹ ಮೇಲಿಂದ ಕೆಳಗೆ ಪೂರ್ತಿಯಾಗಿ ಓದಲು ಸಿಗಲಿ.

ಒಂದೇ ಬ್ರೌಸರನ್ನು ನೆಚ್ಚಿ ಬರೆದದ್ದರ ಗತಿ ಏನಾಗುತ್ತದೆ ಎಂಬುದನ್ನು ಕನ್ನಡ ಈಗಾಗಲೇ ಕಂಡಿದೆ. 1997ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 4 ಬಂದಾಗ ಪುಟದ ಜೊತೆಗೇ ಫಾಂಟ್ ಕಳಿಸುವ ವಿದ್ಯೆಯೂ ಬಂತು. ನಮ್ಮ ಎಷ್ಟೋ ಪುಟಗಳು ಅದಕ್ಕೆ ಜೋತುಬಿದ್ದವು. ಇಂಗ್ಲಿಷ್ ಅಕ್ಷರದ ಸಂಕೇತಗಳಿಗೆ ಕನ್ನಡದ ವೇಷ ತೊಡಿಸುವ ಫಾಂಟುಗಳವು. ಬೇರೆ ಬ್ರೌಸರಿನಲ್ಲಿ ತೆರೆದವನಿಗೆ ವೇಷ ಕಳಚಿ ಬರೀ ಕಲಸುಮೇಲೋಗರ ಕಾಣುತ್ತಿತ್ತು. ಅದನ್ನು ಯೂನಿಕೋಡ್‌ಗೆ ತಿರುಗಿಸಿ ಓದಲು ಫೈರ್‌ಫಾಕ್ಸ್ ಬಳಸುವವರು ‘ಪದ್ಮ’ ಎಂಬ ಸಲಕರಣೆ ಹಾಕಿಕೊಳ್ಳಬೇಕಾಯಿತು. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಎಕ್ಸ್‌ಪ್ಲೋರರಿಗೆ ವಿದಾಯ ಹೇಳಿತು. ಯೂನಿಕೋಡ್‌ಗೆ ಬದಲಾಗದೆ ಉಳಿದ ಆ ಬರಹಗಳು ಈಗ ಹೊಸ ಬ್ರೌಸರಿನಲ್ಲೂ ಅದೇ ಕಲಸುಮೇಲೋಗರ. ಇಪ್ಪತ್ತೈದು ವರ್ಷವೂ ಬಾಳದ ಬರಹವನ್ನು ಪ್ರಕಟಣೆ ಎಂದು ಕರೆಯುವುದೂ ಕಷ್ಟ.

ಹಾಗೆಂದು ಹೊಸ ಬ್ರೌಸರುಗಳು ಕನ್ನಡಕ್ಕೆ ಪೂರ್ತಿ ನ್ಯಾಯ ಕೊಟ್ಟಿವೆ ಎಂದಲ್ಲ. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲು ಚಿತ್ತಾಪುರ, ಮಳಖೇಡ, ಸೇಡಂ ದಾಟಿ ತಾಂಡೂರು ಮುಟ್ಟುವಷ್ಟರಲ್ಲಿ ಫಲಕಗಳು ತೆಲುಗಾಗುತ್ತವೆ. ಲಿಪಿಗಳು ಅಕ್ಕತಂಗಿಯರು, ಒತ್ತು ಕೆಳಗಿಳಿಯುವ ರೀತಿಯೂ ಹೆಚ್ಚುಕಡಿಮೆ ಒಂದೇ. ಆದರೆ 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಎಣಿಸುವ ನಿಯಮ ಬಂದಾಗ, ಪಟ್ಟಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಯಾರೂ ಬೀದಿಗಿಳಿಯಲಿಲ್ಲ. ಇಳಿಯಬೇಕಾದದ್ದು ಬೀದಿಗೂ ಅಲ್ಲ. ಮೊದಲಕ್ಷರವನ್ನು ದೊಡ್ಡದು ಮಾಡಿ ಲೇಖನ ಶುರುಮಾಡುವ ನಮ್ಮ ಸಾಹಿತ್ಯ ಪತ್ರಿಕೆಗಳು ಒಂದು ಸಲ ‘ಸ್ತ್ರೀ’ ಎಂದು ಶುರುಮಾಡಿ ನೋಡಿದ್ದರೆ ಸಾಕಿತ್ತು. ‘ಸ್’ ಒಂದೇ ದೊಡ್ಡದಾಗಿ ನಿಂತು, ‘ತ್ರೀ’ ಬಾಲದಂತೆ ಹಿಂದೆ ಉಳಿಯುವುದನ್ನು ನೋಡಬಹುದಿತ್ತು.

ಸಾಹಿತ್ಯದವರಾದ ನಾವು ಇದನ್ನೆಲ್ಲ ‘ಟೆಕ್ನಿಕಲ್’ ಎಂದು ಪಕ್ಕಕ್ಕಿಡುತ್ತೇವೆ. ಮುದ್ರಣದಲ್ಲಿ ಕರಡು ತಿದ್ದುವಾಗ ಬಿಟ್ಟ ಒಂದು ಕೊಂಬಿಗೆ ಸಂಪಾದಕರಿಗೆ ಪತ್ರ ಬರೆದ ಜನ ನಾವು! ಕವಿತೆಯ ಪಾದ ಎಲ್ಲಿ ಮುರಿಯಬೇಕು ಎಂಬುದು ಕವಿಯ ತೀರ್ಮಾನ. ಸಣ್ಣ ಫೋನಿನಲ್ಲಿ ಉದ್ದ ಸಾಲು ಮಡಚಿ ಕೆಳಗೆ ಬಿದ್ದಾಗ ಅದು ಹೊಸ ಪಾದವೋ ಹಳೆಯದರ ಬಾಲವೋ ತಿಳಿಯುವುದಿಲ್ಲ. ಬಾಲವನ್ನು ತುಸು ಒಳಸರಿಸಿದರೆ ಗೊಂದಲವೇ ಇಲ್ಲ. ಇದಕ್ಕೆ ಬೇಕಾದ ಸಿಎಸ್‌ಎಸ್ ಎರಡೇ ಸಾಲು, 1996ರ ಮೊದಲ ಸಿಎಸ್‌ಎಸ್‌ನಲ್ಲೇ ಇದ್ದದ್ದು. ಅದರ ಬದಲು ಕವಿತೆಯನ್ನು ಚಿತ್ರ ಮಾಡಿ ಅಂಟಿಸುತ್ತಾರೆ. ಆ ಚಿತ್ರವನ್ನು ಹುಡುಕಲಾಗದು, ಅದರಿಂದ ಒಂದು ಸಾಲು ಉದ್ಧರಿಸಲಾಗದು, ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳಲಾರದು.

ಉದ್ದ ಪದಗಳು ಅಂಚು ದಾಟದಿರಲೆಂದು ‘ಎಲ್ಲಿ ಬೇಕಾದರೂ ಮುರಿ’ ಎಂದು ಬ್ರೌಸರಿಗೆ ಹೇಳುವ ಚಾಳಿ ಬೇರೆ ಇದೆ.

ಮಳಖೇಡ ಸೇಡಂ ತಾಲ್ಲೂಕಿನ ಊರು, ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ದ ಕನ್ನಡದಲ್ಲಿ ೞ ಇದೆ. ಈ ಅಕ್ಷರಕ್ಕೆ ಯೂನಿಕೋಡ್ ಕೊಟ್ಟ ಹೆಸರು ‘ಫ’ ಎಂಬರ್ಥದ್ದು! ಅದು ತಪ್ಪೆಂದು ಅವರೇ ಟಿಪ್ಪಣಿ ಹಾಕಿದ್ದಾರೆ, ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವ ಪದ್ಧತಿ ಅಲ್ಲಿಲ್ಲ. ಹಳೆಯ ಫಾಂಟಿನಲ್ಲಿ ಆ ಅಕ್ಷರವೇ ಇಲ್ಲದಿದ್ದರೆ ಓದುಗನಿಗೆ ಸಿಗುವುದು ಖಾಲಿ ಚೌಕ. ಆಂಡ್ರಾಯ್ಡ್ ಕನ್ನಡವನ್ನು ಅಧಿಕೃತವಾಗಿ ಒಳಗೊಂಡದ್ದೇ 2012ರಲ್ಲಿ, 4.1ನೇ ಆವೃತ್ತಿಯಲ್ಲಿ. ಹಳಗನ್ನಡ ಪ್ರಕಟಿಸುವ ತಾಣಗಳು ತಮ್ಮದೇ ಫಾಂಟನ್ನು ಪುಟದ ಜೊತೆ ಕಳಿಸುವುದು ಈಗ ಕಷ್ಟದ ಕೆಲಸವೇನಲ್ಲ, ಅದೂ ಒಂದೇ ಬ್ರೌಸರಿಗೆ ಜೋತುಬೀಳದೆ.

ಆದ್ದರಿಂದ ಕನ್ನಡ ಪುಟ ಕಟ್ಟುವವರನ್ನು, ಕಟ್ಟಿಸುವ ಸಂಪಾದಕರನ್ನು ಕೇಳುವುದಿಷ್ಟೆ: ಬಿಡುಗಡೆಯ ಸಮಾರಂಭಕ್ಕೆ ಮುಂಚೆ ಮನೆಯ ಕಪಾಟಿನಲ್ಲಿ ಬಿದ್ದಿರುವ ಹಳೆಯ ಫೋನಿಗೆ ಚಾರ್ಜ್ ಹಾಕಿ. ‘ಚಿತ್ತಾಪುರ’ ಎಂದು ಬಟನ್ನಿನ ಮೇಲೆ, ‘ಸ್ತ್ರೀ’ ಎಂದು ಲೇಖನದ ಮೊದಲಿಗೆ, ‘ಮಾಡಬೇಕಾಗಿರುವುದರಿಂದ’ ಎಂದು ಸಾಲಿನ ಕೊನೆಗೆ, ೞ ಎಂದು ಎಲ್ಲಾದರೂ ಬರೆದು ತೆರೆದು ನೋಡಿ. ನಾಲ್ಕೂ ಸರಿಯಾಗಿ ಕಂಡ ಮೇಲೆ ಅತಿಥಿಗಳನ್ನು ಕರೆಯಿರಿ.