39.17ರಲ್ಲಿ ಮಾತಾಡಿದ ದೇವರು

ಹೋದ ತಿಂಗಳು ಊರಿಗೆ ಹೋಗಿದ್ದೆ. ರಾತ್ರಿ ಊಟ ಆದ ಮೇಲೆ ದೊಡ್ಡಮ್ಮ ಮಾತ್ರೆ ಡಬ್ಬಿ ತೆಗೀಲೇ ಇಲ್ಲ. ಅವರಿಗೆ 12 ವರ್ಷದಿಂದ ಸಕ್ಕರೆ ಕಾಯಿಲೆ. ಕೇಳಿದರೆ, "ಅದೆಲ್ಲಾ ಬಿಟ್ಟು ಹದಿನೈದು ದಿನ ಆಯ್ತು ಕಣೋ, ಗುರೂಜಿ ಬೇಡ ಅಂದ್ರು" ಅಂತ ಆರಾಮಾಗಿ ಹೇಳಿದರು.

ಪಕ್ಕದ ಊರಿನ ಕಲ್ಯಾಣ ಮಂಟಪದಲ್ಲಿ ಸತ್ಸಂಗ ಇತ್ತಂತೆ. ಅಷ್ಟು ಜನರ ಮಧ್ಯೆ ಇವರನ್ನೇ ಹೆಸರು ಹಿಡಿದು ಕರೆದು, ಸಕ್ಕರೆ, ಕಾಲು ಉರಿ, ದೂರದಲ್ಲಿರೋ ಮಗ ಎಲ್ಲಾ ಹೇಳಿಬಿಟ್ಟರಂತೆ. "ನಾನು ಬಾಯೇ ಬಿಟ್ಟಿಲ್ಲ. ಅವರಿಗೆ ಹೇಗೆ ಗೊತ್ತಾಗಬೇಕು ನೀನೇ ಹೇಳು?"

ನನ್ನ ಕೆಲಸವೇ ಅದು. ಒಂದು ಸಿಸ್ಟಮ್‌ಗೆ ಗೊತ್ತಿರಬಾರದ ವಿಷಯ ಗೊತ್ತಾಗಿದೆ ಅಂದರೆ, ಡೇಟಾ ಯಾವ ಬಾಗಿಲಿಂದ ಒಳಗೆ ಬಂತು ಅಂತ ಹುಡುಕಬೇಕು. "ಒಳಗೆ ಹೋಗೋಕೆ ಮುಂಚೆ ಯಾರಾದ್ರೂ ಏನಾದ್ರೂ ಕೇಳಿದ್ರಾ?" ಅಂದೆ. "ಯಾರೂ ಇಲ್ಲಪ್ಪ. ಬಾಗಿಲಲ್ಲಿ ಹುಡುಗೀರು ಚೀಟಿ ಬರ್ಸಿಕೊಂಡ್ರು ಅಷ್ಟೆ. ಹೆಸರು, ಊರು, ಏನು ತೊಂದರೆ ಅಂತ. ಅದು ಪ್ರಸಾದದ ಲೆಕ್ಕಕ್ಕೆ."

ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ನೋಡಿದ್ದ ಒಂದು ವಿಡಿಯೋ ಆಗ ನೆನಪಾಯ್ತು. ಅಮೆರಿಕದ ಪೀಟರ್ ಪಾಪಾಫ್ ಅನ್ನೋ ಪ್ರಚಾರಕನ ಕಥೆ. 1980ರ ದಶಕದಲ್ಲಿ ಟಿವಿಯಲ್ಲೂ ಊರೂರಿನ ಸಭಾಂಗಣಗಳಲ್ಲೂ ಈತನದ್ದೇ ಅಬ್ಬರ. ಸಭೆಯಲ್ಲಿ ಯಾರನ್ನೋ ಹೆಸರು ಹಿಡಿದು ಕರೆಯೋದು, ಕಾಯಿಲೆ ಹೇಳೋದು, ಮನೆ ವಿಳಾಸ ಕೂಡ ಹೇಳೋದು, ಹಣೆ ಮುಟ್ಟಿ "ವಾಸಿಯಾಯ್ತು" ಅನ್ನೋದು. ದೇವರೇ ನನಗೆ ಹೇಳ್ತಾನೆ ಅನ್ನುತ್ತಿದ್ದ. ಜನ ತಮ್ಮ ಮಾತ್ರೆ ಬಾಟಲಿಗಳನ್ನು ವೇದಿಕೆ ಮೇಲೆ ಎಸೆಯುತ್ತಿದ್ದರು. ಹೃದಯದ ಮಾತ್ರೆ, ಸಕ್ಕರೆ ಮಾತ್ರೆ ಕೂಡ.

ಜೇಮ್ಸ್ ರ‍್ಯಾಂಡಿ ಅನ್ನೋ ಜಾದೂಗಾರನಿಗೆ ಇದು ಸರಿ ಕಾಣಲಿಲ್ಲ. ಮೋಸ ಮಾಡೋದೇ ಕಸುಬಾದವನಿಗೆ ಇನ್ನೊಬ್ಬನ ಮೋಸ ಬೇಗ ಕಾಣುತ್ತೆ ನೋಡಿ. ಎಲ್ಲರನ್ನೂ ವಾಸಿ ಮಾಡೋ ಈ ಮಹಾನುಭಾವನ ಕಿವಿಯಲ್ಲಿ ಕಿವುಡರು ಹಾಕಿಕೊಳ್ಳೋ ಥರದ ಯಂತ್ರ ಯಾಕಿದೆ? 1986ರಲ್ಲಿ ರ‍್ಯಾಂಡಿಯ ಜೊತೆಗಾರ ಅಲೆಕ್ಸಾಂಡರ್ ಜೇಸನ್ ರೇಡಿಯೋ ಸ್ಕ್ಯಾನರ್ ಇಟ್ಟುಕೊಂಡು ಸಭೆಗೆ ಹೋದ. 39.17 ಮೆಗಾಹರ್ಟ್ಸ್‌ನಲ್ಲಿ ದೇವರ ವಾಣಿ ಸಿಕ್ಕಿತು! ಅದು ಪಾಪಾಫ್‌ನ ಹೆಂಡತಿ ಎಲಿಜಬೆತ್ ಧ್ವನಿ. ಭಕ್ತರು ಸಭೆಗೆ ಮುಂಚೆ ತುಂಬಿಕೊಟ್ಟ ಪ್ರಾರ್ಥನಾ ಕಾರ್ಡುಗಳನ್ನು ಆಕೆ ಮರೆಯಲ್ಲಿ ಕೂತು ಗಂಡನ ಕಿವಿಗೆ ಓದುತ್ತಿದ್ದಳು. ಪಾಸ್‌ವರ್ಡ್ ಇಲ್ಲ, ಎನ್‌ಕ್ರಿಪ್ಷನ್ ಇಲ್ಲ, ಬರೀ ರೇಡಿಯೋ. ಇಂಜಿನಿಯರ್ ಆಗಿ ನನಗೆ ಅದೇ ದೊಡ್ಡ ಅವಮಾನ ಅನಿಸಿತ್ತು.

ನನಗೆ ಇನ್ನೂ ಇಷ್ಟವಾದದ್ದು ಡಾನ್ ಹೆನ್‌ವಿಕ್ ಕಥೆ. ಈತ ಪೋಸ್ಟ್‌ಮ್ಯಾನ್. ರ‍್ಯಾಂಡಿ ತಂಡದವನು. ಹೆಂಗಸಿನ ವೇಷ ಹಾಕಿ, ಸುಳ್ಳು ಹೆಸರು ಕೊಟ್ಟು, ಗರ್ಭಕೋಶದ ಕ್ಯಾನ್ಸರ್ ಅಂತ ಹೇಳಿಕೊಂಡು ಡೆಟ್ರಾಯಿಟ್ ಸಭೆಗೆ ಹೋದ. ಪಾಪಾಫ್ ಆ ಕ್ಯಾನ್ಸರನ್ನೂ ವಾಸಿ ಮಾಡಿದ. ಗಡ್ಡ ಮೀಸೆ ಬರೋ ಮನುಷ್ಯನಿಗೆ ಗರ್ಭಕೋಶ ಇಲ್ಲ ಅನ್ನೋದನ್ನ ಮಾತ್ರ ದೇವರು ಹೇಳಲಿಲ್ಲ.

ರ‍್ಯಾಂಡಿ ಆ ಧ್ವನಿಮುದ್ರಣವನ್ನು ಜಾನಿ ಕಾರ್ಸನ್‌ನ ಟಿವಿ ಕಾರ್ಯಕ್ರಮದಲ್ಲಿ ದೇಶಕ್ಕೆಲ್ಲಾ ತೋರಿಸಿದ. ಮರುವರ್ಷ, 1987ರಲ್ಲಿ, ಪಾಪಾಫ್ ದಿವಾಳಿ.

ದೊಡ್ಡಮ್ಮನಿಗೆ ಆ ವಿಡಿಯೋ ಹಾಕಿ, ಒಂದೊಂದೇ ಮಾತು ಕನ್ನಡದಲ್ಲಿ ಹೇಳುತ್ತಾ ಹೋದೆ. ಪೋಸ್ಟ್‌ಮ್ಯಾನ್ ವಿಷಯಕ್ಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಗೆದ್ದೆ ಅಂದುಕೊಂಡೆ.

"ಆಮೇಲೆ ಆ ಮನುಷ್ಯ ಏನಾದ?" ಅಂದರು.

ಇದು ನಾನು ಹೇಳಬಾರದು ಅಂದುಕೊಂಡಿದ್ದ ಭಾಗ. ಪಾಪಾಫ್ ವಾಪಸ್ ಬಂದ. ಟಿವಿಯಲ್ಲಿ ಪವಾಡದ ನೀರಿನ ಪೊಟ್ಟಣ ಪುಕ್ಕಟೆ ಕೊಡ್ತೀನಿ ಅಂತ ಶುರುಮಾಡಿದ. ನೀರು ಪುಕ್ಕಟೆ, ಅದರ ಹಿಂದೆ ಬರೋ ಕಾಣಿಕೆ ಕೇಳೋ ಪತ್ರಗಳು ಅಲ್ಲ. 2005ರ ಹೊತ್ತಿಗೆ ಅವನ ಸಂಸ್ಥೆಗೆ ವರ್ಷಕ್ಕೆ ಎರಡು ಕೋಟಿ ಡಾಲರ್ ಮೀರಿ ಹಣ ಬರುತ್ತಿತ್ತು. ಅಷ್ಟು ಸ್ಪಷ್ಟವಾಗಿ ಸಿಕ್ಕಿಬಿದ್ದವನ ಹತ್ತಿರ ಜನ ಮತ್ತೆ ಯಾಕೆ ಹೋದರು ಅಂತ ನನಗೆ ಎಂದೂ ಅರ್ಥವಾಗಿರಲಿಲ್ಲ.

"ನಮ್ಮ ಗುರೂಜಿ ಕಿವೀಲಿ ಏನೂ ಇರ್ಲಿಲ್ಲ" ಅಂದರು ದೊಡ್ಡಮ್ಮ. ಸ್ವಲ್ಪ ಹೊತ್ತು ಬಿಟ್ಟು, "ಚೀಟಿ ನೋಡೇ ಹೇಳಿರ್ಲಿ ಬಿಡು. ಆಸ್ಪತ್ರೇಲಿ ನಾನು ಟೋಕನ್ ನಲವತ್ತೆರಡು. ಎರಡು ಗಂಟೆ ಕೂತ್ರೆ ಡಾಕ್ಟ್ರು ತಲೆ ಎತ್ತದೇ ಬರ್ಕೊಡ್ತಾರೆ. ಇವರು ಹೆಸರು ಹಿಡಿದು ಕರೆದ್ರು, ಕಾಲು ಇನ್ನೂ ಉರೀತಾ ತಾಯಿ ಅಂದ್ರು. ಹಂಗೆ ಕೇಳಿ ಎಷ್ಟು ವರ್ಷ ಆಗಿತ್ತೋ."

ನನ್ನ ಹತ್ತಿರ ಸ್ಕ್ಯಾನರ್‌ಗೆ ಉತ್ತರ ಇತ್ತು, ಇದಕ್ಕೆ ಇರಲಿಲ್ಲ. ನಾನೂ ಫೋನ್ ಮಾಡಿ ಕಾಲು ಉರಿ ಕೇಳಿದವನಲ್ಲ. ಅವರ ಮಗನನ್ನು ಬೈಯೋ ಅಧಿಕಾರವೂ ನನಗಿಲ್ಲ.

ಬೆಳಿಗ್ಗೆ ಪಕ್ಕದ ಮನೆಯಿಂದ ಸಕ್ಕರೆ ನೋಡೋ ಯಂತ್ರ ಇಸ್ಕೊಂಡು ಬಂದೆ. ಖಾಲಿ ಹೊಟ್ಟೆಯಲ್ಲಿ 312. ಆ ಅಂಕಿ ನೋಡಿ ಅವರೂ ಸುಮ್ಮನಾದರು. ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋದೆ. ದೊಡ್ಡಮ್ಮ ಹೊರಗೆ ಕೂತಿದ್ದಾಗ ನಾನು ಮೊದಲೇ ಒಳಗೆ ಹೋಗಿ, ಹೆಸರು, ಕಾಲು ಉರಿ, ಮಾತ್ರೆ ಬಿಟ್ಟ ವಿಷಯ ಎಲ್ಲಾ ಡಾಕ್ಟರಿಗೆ ಹೇಳಿ ಬಂದೆ. ಎಲಿಜಬೆತ್ ಕೆಲಸವನ್ನೇ ಮಾಡಿದೆ ಅನ್ನಿ. ಡಾಕ್ಟರು ಹೆಸರು ಹಿಡಿದೇ ಕರೆದರು. ಮಾತ್ರೆ ಮತ್ತೆ ಶುರುವಾಗಿದೆ.

ಗುರೂಜಿ ಮುಂದಿನ ಗುರುವಾರ ಮತ್ತೆ ಬರ್ತಾರಂತೆ. ದೊಡ್ಡಮ್ಮ ಹೋಗೇ ಹೋಗ್ತಾರೆ. ಬೇಡ ಅನ್ನಲಿಲ್ಲ. "ಈ ಸಲ ಚೀಟೀಲಿ ಬೇರೆ ಹೆಸರು ಬರೆಸಿ, ಇಲ್ಲದ ಮಂಡಿ ನೋವು ಹೇಳಿ, ಏನಂತಾರೆ ನೋಡೋಣ" ಅಂದೆ. ಫೋನಿನಲ್ಲಿ ತುಂಬಾ ಹೊತ್ತು ಮಾತಿಲ್ಲ.

"ಅಲ್ವೋ, ದೇವರ ಹೆಸರಲ್ಲಿ ಸುಳ್ಳು ಹೇಳಿದ್ರೆ ಪಾಪ ಬರಲ್ವೇನೋ?" ಅಂದರು.