ತಲೆಗೆ ಪೆಟ್ಟಾದವನನ್ನು ಅಂದೇ ಮತ್ತೆ ಆಡಿಸಬೇಡಿ

ಶಾಲಾ ಶಿಕ್ಷಣ ಇಲಾಖೆಯ ಆಯುಕ್ತರಿಗೆ,
ಬೆಂಗಳೂರು

ಮಾನ್ಯರೇ,

ಸುಂಕದಕಟ್ಟೆ, ಹೆಗ್ಗನಹಳ್ಳಿ ಕಡೆಯ ಹುಡುಗರಿಗೆ ಕಬಡ್ಡಿ ಎಂದರೆ ಪ್ರಾಣ. ಮ್ಯಾಟ್ ಕಂಡವರು ಕಡಿಮೆ, ಗಟ್ಟಿ ನೆಲದ ಮೇಲೇ ಆಟ. ಶಾಲೆಗಳ ನಡುವಿನ ಪಂದ್ಯವೊಂದರಲ್ಲಿ ರೈಡಿಗೆ ಹೋದ ಹುಡುಗನ ಕಾಲನ್ನು ಒಬ್ಬ ಹಿಡಿದ, ಇನ್ನೊಬ್ಬನ ಮಂಡಿ ಅವನ ಕಿವಿಯ ಮೇಲೆ ಬಡಿಯಿತು. ಪ್ರಜ್ಞೆಯೇನೂ ತಪ್ಪಲಿಲ್ಲ. ಎದ್ದ, ಮಣ್ಣು ಕೊಡವಿಕೊಂಡ, ಹೋಗಿ ಎದುರು ತಂಡದ ಔಟಾದವರ ಸಾಲಿನಲ್ಲಿ ಕೂತ. ಜನ ನಕ್ಕರು. ಯಾರೋ ತಲೆಗೆ ನೀರು ಸುರಿದರು, ಬಾಯಿಗೆ ಗ್ಲೂಕೋಸ್ ಹಾಕಿದರು. ರಿವೈವ್ ಆಗಿ ಅಂಕಣಕ್ಕೆ ಮರಳಿದ ಕೂಡಲೇ ಮತ್ತೆ ರೈಡಿಗೆ ಅವನೇ.

ತನ್ನ ತಂಡ ಯಾವುದೆಂದೇ ಮರೆತವನ ಮಿದುಳಿಗೆ ಒಳಪೆಟ್ಟಾಗಿದೆ ಎನ್ನಲು ಇನ್ನೇನು ಬೇಕಿತ್ತು? ವೈದ್ಯರು ಕನ್ಕಷನ್ ಎನ್ನುವ ಈ ಪೆಟ್ಟಿನಲ್ಲಿ ಬಹುಪಾಲು ಮಕ್ಕಳಿಗೆ ಪ್ರಜ್ಞೆ ತಪ್ಪುವುದೇ ಇಲ್ಲ, ಸ್ಕ್ಯಾನ್ ಕೂಡ ಸಾಮಾನ್ಯವಾಗಿ ನಾರ್ಮಲ್ ಎಂದೇ ಬರುತ್ತದೆ. ತಲೆ ಗಿರ್ ಎನ್ನುವುದು, ಕೇಳಿದ್ದನ್ನೇ ಕೇಳುವುದು, ಬೆಳಕು ಸಹಿಸದಿರುವುದು, ಇವೇ ಗುರುತು. ಕೆಲವೊಮ್ಮೆ ಮಾರನೇ ದಿನ ಕಾಣಿಸಿಕೊಳ್ಳುತ್ತವೆ. ಇದು ವಾಸಿಯಾಗುವ ಮೊದಲೇ ಇನ್ನೊಂದು ಏಟು ಬಿದ್ದರೆ ಮಿದುಳು ಊದಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು. ಅಪರೂಪ ನಿಜ, ಆದರೆ ಬಲಿಯಾಗುವವರು ಹೆಚ್ಚಾಗಿ ಹರೆಯದವರೇ.

2022ರ ಜುಲೈನಲ್ಲಿ ನಮ್ಮ ಪಶ್ಚಿಮ ಬೆಂಗಳೂರಿನ ಜ್ಞಾನಜ್ಯೋತಿನಗರದಲ್ಲಿ ಕಿಕ್‌ಬಾಕ್ಸಿಂಗ್ ಸ್ಪರ್ಧೆಯಲ್ಲಿ ಹೊಡೆತ ತಿಂದು ಕುಸಿದ ಮೈಸೂರಿನ ಯುವಕ ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ವೈದ್ಯರಿರಲಿಲ್ಲ, ಸ್ಟ್ರೆಚರ್ ಇರಲಿಲ್ಲ ಎಂದು ಮನೆಯವರು ದೂರಿದರು. ಅದು ಶಾಲೆಯ ಆಟವಲ್ಲ, ಒಪ್ಪಿದೆ. ಆದರೆ ಶಾಲಾ ಮೈದಾನಗಳಲ್ಲಿ ಎಷ್ಟು ಕಡೆ ವೈದ್ಯರ, ಸ್ಟ್ರೆಚರ್‌ನ ವ್ಯವಸ್ಥೆ ಇದೆ ಎಂದು ತಾವೇ ಒಮ್ಮೆ ವಿಚಾರಿಸಿ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2006ರಲ್ಲಿ 13 ವರ್ಷದ ಹುಡುಗನೊಬ್ಬ ತಲೆಗೆ ಪೆಟ್ಟಾದ ಮೇಲೂ ಅದೇ ಪಂದ್ಯಕ್ಕೆ ಮರಳಿ ಮಿದುಳಿಗೆ ತೀವ್ರ ಹಾನಿ ಮಾಡಿಕೊಂಡ. 2009ರಲ್ಲಿ ಅಲ್ಲಿ ಕಾನೂನೇ ಬಂತು: ಅನುಮಾನವಿದ್ದರೆ ಹೊರಗೆ, ವೈದ್ಯರು ಬರೆದುಕೊಟ್ಟ ಮೇಲಷ್ಟೇ ಒಳಗೆ. ಕ್ರಿಕೆಟ್ಟಿನಲ್ಲಿ ತಲೆಗೆ ಪೆಟ್ಟಾದವನ ಜಾಗಕ್ಕೆ ಬದಲಿ ಆಟಗಾರನನ್ನು ಇಳಿಸಲು 2019ರಲ್ಲಿ ಐಸಿಸಿ ಹೊಸ ನಿಯಮ ಮಾಡಬೇಕಾಯಿತು. ಕಬಡ್ಡಿಗೆ ಆ ಕಷ್ಟವೂ ಇಲ್ಲ, ಬೆಂಚಿನ ಮೇಲೆ ಐವರು ಕಾದೇ ಇರುತ್ತಾರೆ. ತೊಡಕಿರುವುದು ಬೇರೆ ಕಡೆ: ಗಾಯಕ್ಕೆ ಸಿಗುವ ಟೈಮ್‌ಔಟ್ ಚಿಕ್ಕದು, ಮತ್ತು ಹೊರಗೆ ಕರೆದವನನ್ನು ಪುನಃ ಇಳಿಸಲು ನಿಯಮ ಅಡ್ಡ ಬರುವುದಿಲ್ಲ.

ಪಿ.ಟಿ. ಮೇಷ್ಟ್ರನ್ನು ಬೈದು ಫಲವಿಲ್ಲ. ಫೈನಲ್‌ನಲ್ಲಿ ಒಳ್ಳೆಯ ರೈಡರ್‌ನನ್ನು ಕೂರಿಸಿದರೆ ಹೆಡ್‌ಮಾಸ್ಟರು, ಪೋಷಕರು, ಕೊನೆಗೆ ಆ ಹುಡುಗನೇ ಅವರ ಮೇಲೆ ಬೀಳುತ್ತಾನೆ. ಅವರ ಕೈಯಲ್ಲಿ ತಮ್ಮ ಸುತ್ತೋಲೆ ಇದ್ದರೆ ಮಾತು ಮುಗಿಯಿತು. ತಲೆಗೆ ಪೆಟ್ಟಾದ ಮಗು ಅಂದು ಮತ್ತೆ ಆಡಕೂಡದು, ಪೋಷಕರಿಗೆ ಅಂದೇ ತಿಳಿಸಬೇಕು, ವಾಂತಿ ನಿಲ್ಲದಿದ್ದರೆ ಅಥವಾ ಮಂಪರು ಹೆಚ್ಚಿದರೆ ಕೂಡಲೇ 108ಕ್ಕೆ ಕರೆ ಮಾಡಬೇಕು ಎಂದು ಬರೆಯಿಸಿ. ಒಂದೆರಡು ದಿನದ ವಿಶ್ರಾಂತಿಯ ನಂತರ ಮೊದಲು ಪಾಠ, ಆಮೇಲೆ ಓಟ, ವೈದ್ಯರು ಒಪ್ಪಿದ ಮೇಲೆ ಹಿಡಿತದ ಆಟ. ಅಲ್ಲಿಯವರೆಗೆ ಕಿರುಪರೀಕ್ಷೆ ತಪ್ಪಿದರೆ ಅಂಕ ಕಡಿಯದಂತೆ ತರಗತಿ ಶಿಕ್ಷಕರಿಗೂ ಒಂದು ಸಾಲು ಇರಲಿ.

ಹೋಬಳಿ ಮಟ್ಟದ ಪಂದ್ಯಗಳಿಗೆ ತಂಡಗಳ ಪಟ್ಟಿ ಕೇಳುವ ಪತ್ರದ ಜೊತೆಗೇ ಈ ಸುತ್ತೋಲೆಯನ್ನೂ ಕಳುಹಿಸಿಕೊಡಿ.

ಇಂತಿ,
ಸುಂಕದಕಟ್ಟೆಯ ಒಬ್ಬ ಪೋಷಕ