ಬಾಗಿಲು ಹಾಕಿದವರೇ ಗಡುವು ಮುಗಿಯಿತು ಎನ್ನಬಾರದು

ರಾಯಚೂರು ಜಿಲ್ಲೆಯ ಮುದಗಲ್ ಸೀಮೆಯ ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳದ ರಾಶಿ ಮುಗಿದಿರುತ್ತದೆ. ರೈತ ತನ್ನ ಸರ್ಕಾರಿ ಗುರುತಿನ ಸಂಖ್ಯೆಯಾದ ಫ್ರೂಟ್ಸ್ ಐಡಿ ಕೊಟ್ಟು ಹೆಸರು ನೋಂದಾಯಿಸಿರುತ್ತಾನೆ, ಚೀಟಿ ಕೈಯಲ್ಲಿರುತ್ತದೆ. ಸರ್ಕಾರದ ಬೆಂಬಲ ಬೆಲೆ ಖರೀದಿ ಕೇಂದ್ರಕ್ಕೆ ಹೋದರೆ ಒಂದು ದಿನ ಗೋಣಿಚೀಲ ಬಂದಿಲ್ಲ, ಇನ್ನೊಂದು ದಿನ ಗ್ರೇಡರ್ ಇಲ್ಲ, ಮತ್ತೊಂದು ದಿನ ಸರ್ವರ್ ಇಲ್ಲ. ಕೊನೆಗೆ ‘ಅವಧಿ ಮುಗಿಯಿತು’ ಎಂಬ ಉತ್ತರ. ಲಿಂಗಸುಗೂರು, ಮಸ್ಕಿ, ಸಿಂಧನೂರಿನ ರೈತರು ಅವಧಿ ವಿಸ್ತರಿಸಿ ಎಂದು ಬೀದಿಗಿಳಿದರೆ ಅದನ್ನು ಅವರು ಬೇಡುವ ರಿಯಾಯಿತಿಯಂತೆ ಬಿಂಬಿಸಲಾಗುತ್ತದೆ. ಅದು ರಿಯಾಯಿತಿಯಲ್ಲ, ಹಕ್ಕು.

1872ರ ಭಾರತೀಯ ಕರಾರು ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ, ಕೆಲಸ ಮಾಡಲು ಸಿದ್ಧನಿರುವವನನ್ನು ಎದುರು ಪಕ್ಷವೇ ತಡೆದರೆ ನಷ್ಟ ತುಂಬಿಕೊಡುವ ಹೊಣೆ ತಡೆದವನದು. 67ನೇ ಸೆಕ್ಷನ್ ಕೊಡುವ ಉದಾಹರಣೆ ಇನ್ನೂ ಸರಳ: ಮನೆ ದುರಸ್ತಿಗೆ ಒಪ್ಪಿಸಿದ ಮಾಲೀಕ ಎಲ್ಲಿ ದುರಸ್ತಿಯಾಗಬೇಕೆಂದು ತೋರಿಸದಿದ್ದರೆ, ಕೆಲಸ ಆಗಲಿಲ್ಲವೆಂದು ದುರಸ್ತಿಗಾರನನ್ನು ದೂರುವಂತಿಲ್ಲ. ಚೀಲ ಕೊಡದೆ ಕಾಳು ತರಲಿಲ್ಲ ಎನ್ನುವುದು ಇದಕ್ಕಿಂತ ಹೇಗೆ ಬೇರೆ?

ನೋಂದಣಿ ಕರಾರಲ್ಲ, ತೂಕವಾದ ಮೇಲಷ್ಟೇ ಖರೀದಿ ಎಂದು ಅಧಿಕಾರಿಗಳು ವಾದಿಸಬಹುದು. ಆದರೆ ಸರ್ಕಾರದ ಭರವಸೆ ನಂಬಿ ಹೆಜ್ಜೆಯಿಟ್ಟವರನ್ನು ಸರ್ಕಾರ ನಡುನೀರಿನಲ್ಲಿ ಬಿಡಬಾರದೆಂದು ಮೋತಿಲಾಲ್ ಪದಂಪತ್ ಸಕ್ಕರೆ ಕಾರ್ಖಾನೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. 2024–25ರಲ್ಲಿ ಹೈಬ್ರಿಡ್ ಜೋಳಕ್ಕೆ ಕ್ವಿಂಟಲ್‌ಗೆ 3,371 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿತ್ತು. ಇಂಥ ಬೆಲೆ ನಂಬಿಯೇ ರೈತ ದಲ್ಲಾಳಿಯನ್ನು ಹಿಂದಕ್ಕೆ ಕಳಿಸುತ್ತಾನೆ, ಸಾಲದ ಬಡ್ಡಿ ಬೆಳೆಯುತ್ತಿದ್ದರೂ ಕಾಯುತ್ತಾನೆ. ಅಡ್ಡಮಳೆ ಬಂದು ಕಾಳು ಕಪ್ಪಾದರೆ ಅದೇ ದಲ್ಲಾಳಿ ಕೇಳಿದ ರೇಟಿಗೆ ಕೊಡುತ್ತಾನೆ. ಕಾಯಿಸಿದವರು ಸರ್ಕಾರದವರು, ಕಳೆದುಕೊಂಡವನು ರೈತ.

ರೈತನಿಂದ ತಡವಾದರೆ ನಿಯಮ ಒಂದು ದಿನವನ್ನೂ ಮನ್ನಿಸುವುದಿಲ್ಲ. ಸರ್ಕಾರದ ತಡಕ್ಕೂ ಲೆಕ್ಕ ಇರಲಿ. ಕಾಳು ತಂದು ವಾಪಸಾದ ಪ್ರತಿ ರೈತನಿಗೂ ದಿನಾಂಕ, ಕಾರಣ ಬರೆದು ಸಹಿ ಮಾಡಿದ ಚೀಟಿ ಕೊಡಬೇಕು. ಕೇಂದ್ರ ನಿಂತ ದಿನಗಳಷ್ಟು ಗಡುವು, ಯಾರೂ ಹೋರಾಡದೆ, ತಾನಾಗಿಯೇ ಮುಂದಕ್ಕೆ ಹೋಗಬೇಕು. ಅಷ್ಟರಲ್ಲಿ ಕಡಿಮೆ ಬೆಲೆಗೆ ಮಾರಿಕೊಂಡವನಿಗೆ ವ್ಯತ್ಯಾಸದ ಹಣ ಸಿಗಬೇಕು. ಈ ಮೂರನ್ನೂ ಮುಂದಿನ ಹಂಗಾಮಿನ ಖರೀದಿ ಆದೇಶದಲ್ಲೇ ಬರೆಯಲಿ. ಬರೆಯಲಾಗದಿದ್ದರೆ ಬೆಂಬಲ ಬೆಲೆಯ ಹೆಸರಿನಲ್ಲಿ ರೈತನನ್ನು ಕಾಯಿಸುವ ಅಧಿಕಾರ ಸರ್ಕಾರಕ್ಕಿಲ್ಲ.